ಕಾರ್ನೋ ಸೂತ್ರ 86% ಅನ್ನುತ್ತೆ, ಡೀಸೆಲ್ ಎಂಜಿನ್ ಕೊಡೋದು 39%: ಮಿಕ್ಕಿದ್ದು ಎಲ್ಲಿ ಹೋಗುತ್ತೆ?

ಜೆನ್‌ಸೆಟ್_1500:

ಆರು ಸಿಲಿಂಡರಿನ 6 ಲೀಟರ್ ಟರ್ಬೊ ಡೀಸೆಲ್ ಎಂಜಿನ್. 1500 ಆರ್‌ಪಿಎಂ, ಶಾಫ್ಟ್ ಮೇಲೆ 100 ಕಿಲೋವಾಟ್. ಪೂರ್ತಿ ಲೋಡಿನಲ್ಲಿ ಗಂಟೆಗೆ 21.5 ಕೆ.ಜಿ. ಡೀಸೆಲ್ ಕುಡಿಯುತ್ತೆ. ಟರ್ಬೊ ದಾಟಿ ಬರುವ ಹೊಗೆ 470 ಡಿಗ್ರಿ ಸೆಲ್ಸಿಯಸ್, ಹೊರಗಿನ ಗಾಳಿ 30 ಡಿಗ್ರಿ. ಡೀಸೆಲ್‌ನ ಉಷ್ಣಮೌಲ್ಯ ಕೆ.ಜಿ.ಗೆ 42.7 ಮೆಗಾಜೂಲ್ ಹಿಡಿದರೆ ಒಳಗೆ ಹೋಗೋದು 255 ಕಿ.ವಾ. ಹಾಗಾಗಿ ದಕ್ಷತೆ 39%.

ಉರಿಯ ತಾಪಮಾನ 2200 ಕೆಲ್ವಿನ್ ಅಂತ ಇಟ್ಟುಕೊಂಡು ಕಾರ್ನೋ ಸೂತ್ರಕ್ಕೆ (ಎರಡು ತಾಪಮಾನಗಳ ನಡುವೆ ಶಾಖ ಯಂತ್ರಕ್ಕೆ ಸಿಗಬಹುದಾದ ಗರಿಷ್ಠ ದಕ್ಷತೆ) ಹಾಕಿದರೆ 1 − 303/2200, ಅಂದರೆ 86% ಬರುತ್ತೆ. ನನ್ನ ಗೊಂದಲಗಳು ನಾಲ್ಕು:

86ಕ್ಕೂ 39ಕ್ಕೂ ನಡುವಿನ ಅಂತರ ಎಲ್ಲಾ ಘರ್ಷಣೆಯೇನಾ? ಸಿಲಿಂಡರ್ ಗೋಡೆಗೆ ಸೆರಾಮಿಕ್ ಲೇಪ ಹಚ್ಚಿ ರೇಡಿಯೇಟರಿಗೆ ಹೋಗುವ ಶಾಖವನ್ನು ತಡೆದರೆ ಅದು ಶಾಫ್ಟ್‌ಗೆ ಬರಬೇಕಲ್ಲ? 470 ಡಿಗ್ರಿ ಹೊಗೆಗೆ ಕಾರ್ನೋ 59% ಕೊಡುತ್ತೆ, ಹೊಗೆಯಲ್ಲಿ 77 ಕಿ.ವಾ. ಶಾಖ ಇದೆ, ಅಂದರೆ 45 ಕಿ.ವಾ. ಸಿಗಬೇಕು. ಆದರೆ ಓಆರ್‌ಸಿ ಯಂತ್ರ (ಆರ್ಗ್ಯಾನಿಕ್ ರಾಂಕಿನ್ ಚಕ್ರ, ನೀರಿನ ಬದಲು ಸಾವಯವ ದ್ರವ ಕುದಿಸಿ ಶಾಖದಿಂದ ಕೆಲಸ ತೆಗೆಯುವಂಥದ್ದು) ಮಾಡುವವರು 7–8 ಕಿ.ವಾ. ಮಾತ್ರ ಅನ್ನುತ್ತಾರೆ, ಯಾಕೆ? ಕೊನೆಯದಾಗಿ, ವರ್ಗಮೂಲ ಇರುವ ಕರ್ಜನ್–ಆಲ್ಬೋರ್ನ್ ಸೂತ್ರವೇ ಎಂಜಿನ್‌ಗಳ ನಿಜವಾದ ಮಿತಿ ಅಂತ ಓದಿದೆ. ಹೌದಾ?


ಕ್ರ್ಯಾಂಕ್‌ಕೇಸ್:

ಮೊದಲು ಆ 86% ಅನ್ನು ಪಕ್ಕಕ್ಕಿಡಿ. ಸಾದಿ ಕಾರ್ನೋ 1824ರಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಯಂತ್ರ ಎಲ್ಲಾ ಶಾಖವನ್ನೂ ಒಂದೇ ಮೇಲಿನ ತಾಪಮಾನದಲ್ಲಿ ಪಡೆದು, ಉಳಿದಿದ್ದನ್ನೆಲ್ಲ ಒಂದೇ ಕೆಳಗಿನ ತಾಪಮಾನದಲ್ಲಿ ಬಿಡುತ್ತೆ. ನಿಮ್ಮ ಎಂಜಿನ್ ಎರಡನ್ನೂ ಮಾಡಲ್ಲ. 2200 ಕೆಲ್ವಿನ್ ಅನ್ನೋದು ಉರಿಯ ತುದಿ, ಕ್ರ್ಯಾಂಕ್ ಒಂದಿಷ್ಟು ಡಿಗ್ರಿ ತಿರುಗುವಷ್ಟು ಹೊತ್ತಿನ ಮಾತು. ಡೀಸೆಲ್‌ನಲ್ಲಿ ಗಾಳಿ ಹೆಚ್ಚು ಇರುವುದರಿಂದ ಸಿಲಿಂಡರಿನ ಒಟ್ಟು ಅನಿಲದ ಸರಾಸರಿ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತೆ. ಶಾಖ ಹೊರಗೆ ಹೋಗುವುದೂ 30 ಡಿಗ್ರಿಯಲ್ಲಲ್ಲ. ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೆ ಒಳಗೆ ಇನ್ನೂ ಹಲವು ಬಾರ್ ಒತ್ತಡ, ನೂರಾರು ಡಿಗ್ರಿ ಬಿಸಿ ಉಳಿದಿರುತ್ತೆ.

ಪಿಸ್ಟನ್ ಎಂಜಿನ್‌ಗೆ ಸರಿಯಾದ ಅಳತೆಗೋಲು ಕಂಪ್ರೆಷನ್ ರೇಶಿಯೊ (ಸಿಲಿಂಡರಿನ ಗರಿಷ್ಠ ಗಾತ್ರವನ್ನು ಕನಿಷ್ಠ ಗಾತ್ರದಿಂದ ಭಾಗಿಸಿದ್ದು). ಆಟೊ ಚಕ್ರದ (ಇಂಧನ ಒಂದೇ ಕ್ಷಣದಲ್ಲಿ ಉರಿಯುತ್ತೆ ಅಂತ ಹಿಡಿಯುವ ಆದರ್ಶ ಪಿಸ್ಟನ್ ಎಂಜಿನ್‌ನ) ಸೂತ್ರ: 1 − 1/ರೇಶಿಯೊದ (ಗಾಮಾ − 1) ಘಾತ. ರೇಶಿಯೊ 17, ಗಾಮಾ (ಅನಿಲದ ಎರಡು ವಿಶಿಷ್ಟ ಶಾಖಗಳ ಅನುಪಾತ) 1.4 ಹಾಕಿದರೆ 68% ಬರುತ್ತೆ. ಆದರೆ 1.4 ಅನ್ನೋದು ತಣ್ಣಗಿನ ಗಾಳಿಯ ಗಾಮಾ. ಬಿಸಿ ಏರಿದಂತೆ ಅಣುಗಳ ಒಳಗಿನ ಕಂಪನ ಶಕ್ತಿ ತಿನ್ನುತ್ತೆ, ಉರಿದ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಸೇರುತ್ತೆ, ಗಾಮಾ 1.3ರ ಆಸುಪಾಸಿಗೆ ಇಳಿಯುತ್ತೆ. ಅದನ್ನು ಹಾಕಿ ನೋಡಿ: 57%. ಅನಿಲದ ಸ್ವಭಾವ ಒಂದರಿಂದಲೇ 11 ಪಾಯಿಂಟ್ ಹೋಯಿತು, ಇನ್ನೂ ಒಂದು ಬೇರಿಂಗ್ ಕೂಡ ತಿರುಗಿಲ್ಲ. ತೆಳುವಾದ ಮಿಶ್ರಣದಲ್ಲಿ ಓಡುವ ಎಂಜಿನ್ ಮಿತವ್ಯಯಿ ಆಗಿರೋದಕ್ಕೆ ಇದೂ ಒಂದು ಕಾರಣ, ಗಾಮಾ ಕಮ್ಮಿ ಕುಸಿಯುತ್ತೆ.

ಆಮೇಲೆ 57ರಿಂದ ಸುಮಾರು 44ಕ್ಕೆ ಇಳಿಸುವುದು ಮೂರು ಸಂಗತಿ. ಇಂಧನ ಒಂದೇ ಕ್ಷಣದಲ್ಲಿ ಉರಿಯಲ್ಲ, ಟಾಪ್ ಡೆಡ್ ಸೆಂಟರ್ (ಪಿಸ್ಟನ್‌ನ ಅತಿ ಮೇಲಿನ ಸ್ಥಾನ) ದಾಟಿ ಹತ್ತಾರು ಡಿಗ್ರಿವರೆಗೂ ಉರಿಯುತ್ತಲೇ ಇರುತ್ತೆ. ತಡವಾಗಿ ಉರಿದ ಹನಿಗೆ ಹಿಗ್ಗಲು ಸಿಗುವ ಜಾಗ ಕಮ್ಮಿ, ಅದರ ಪಾಲಿನ ರೇಶಿಯೊ 17 ಅಲ್ಲ, 10 ಆಗಿರಬಹುದು, 8 ಆಗಿರಬಹುದು. ಎರಡನೆಯದು ಗೋಡೆಗೆ, ಪಿಸ್ಟನ್ ತಲೆಗೆ, ಹೆಡ್‌ಗೆ ಹೋಗುವ ಶಾಖ. ಮೂರನೆಯದು ಗಾಳಿ ಒಳಗೆಳೆದು ಹೊಗೆ ಹೊರದಬ್ಬುವ ಕೆಲಸ.

ಘರ್ಷಣೆ ಬರೋದು ಆಮೇಲೆ. ನಿಮ್ಮ ಎಂಜಿನ್‌ನಲ್ಲಿ ಶಾಫ್ಟ್‌ನ ಸರಾಸರಿ ಒತ್ತಡ 13.3 ಬಾರ್ ಆಗುತ್ತೆ (100 ಕಿ.ವಾ. ಅನ್ನು 6 ಲೀಟರ್ × ಸೆಕೆಂಡಿಗೆ 12.5 ಚಕ್ರದಿಂದ ಭಾಗಿಸಿ). ಘರ್ಷಣೆ, ಆಯಿಲ್ ಪಂಪ್, ವಾಟರ್ ಪಂಪ್ ಎಲ್ಲಾ ಸೇರಿ 1.6 ಬಾರ್ ಹಿಡಿದರೆ 12 ಕಿ.ವಾ. ಒಟ್ಟು ಇಂಧನದ 5%ಕ್ಕಿಂತ ಕಮ್ಮಿ. 44 ಹೋಗಿ 39 ಆಯಿತು, ಅಷ್ಟೇ. ಆದರೆ ಇದು ಪೂರ್ತಿ ಲೋಡಿನ ಮಾತು. ಲೋಡ್ ಕಾಲು ಭಾಗಕ್ಕೆ ಇಳಿದರೂ ಆ 1.6 ಬಾರ್ ಹೆಚ್ಚೇನೂ ಇಳಿಯಲ್ಲ, ಆಗ ಘರ್ಷಣೆ ಮುಖ್ಯ ಕಳ್ಳ ಆಗುತ್ತೆ. ಅಗತ್ಯಕ್ಕಿಂತ ದೊಡ್ಡ ಜೆನ್‌ಸೆಟ್ (ಎಂಜಿನ್ ಜೋಡಿಸಿದ ಜನರೇಟರ್) ಇಟ್ಟು 25% ಲೋಡಿನಲ್ಲಿ ಓಡಿಸುವವರು ದಕ್ಷತೆ ಕಳೆದುಕೊಳ್ಳೋದು ಇಲ್ಲಿ.

ಲೆಕ್ಕ ತಾಳೆ ನೋಡಿ: 255ರಲ್ಲಿ ಶಾಫ್ಟ್ 100, ಹೊಗೆ 77, ಕೂಲಂಟ್ ಮತ್ತು ಆಯಿಲ್ ಸುಮಾರು 50, ಮಿಕ್ಕ 28 ಇಂಟರ್‌ಕೂಲರ್ ಮತ್ತು ಎಂಜಿನ್ ಮೈಯಿಂದ ಹೊರಸೂಸುವುದು. ಘರ್ಷಣೆಯ 12 ಕಿ.ವಾ. ಕೂಡ ಕೊನೆಗೆ ಆಯಿಲ್, ಕೂಲಂಟ್‌ಗೇ ಸೇರುತ್ತೆ, ಅದನ್ನು ಎರಡು ಸಲ ಎಣಿಸಬೇಡಿ.

ಈಗ ಸೆರಾಮಿಕ್. 1980ರ ದಶಕದಲ್ಲಿ ‘ಅಡಿಯಾಬ್ಯಾಟಿಕ್ ಎಂಜಿನ್’ ಅನ್ನುವ ಹೆಸರಲ್ಲಿ ಇದರ ಹಿಂದೆ ಬಹಳ ಕೆಲಸ ನಡೆಯಿತು. ಗೋಡೆಗೆ ಹೋಗದ ಶಾಖದ ದೊಡ್ಡ ಪಾಲು ಶಾಫ್ಟ್‌ಗೆ ಬರಲಿಲ್ಲ, ಹೊಗೆಗೆ ಹೋಯಿತು. ಕಾರಣ ಸರಳ. ಪಿಸ್ಟನ್ ಅರ್ಧ ದಾರಿ ಇಳಿದ ಮೇಲೆ ಉಳಿಸಿದ ಶಾಖಕ್ಕೆ ಹಿಗ್ಗಿ ಕೆಲಸ ಮಾಡಲು ಸ್ಟ್ರೋಕ್ ಉಳಿದಿರಲ್ಲ, ಎಕ್ಸಾಸ್ಟ್ ಪೋರ್ಟ್‌ನಲ್ಲಿ ಉಳಿಸಿದ್ದಕ್ಕಂತೂ ಏನೇನೂ ಇಲ್ಲ. ಜೊತೆಗೆ ಕಾದ ಗೋಡೆ ಒಳಬರುವ ಗಾಳಿಯನ್ನು ಬಿಸಿ ಮಾಡುತ್ತೆ, ಸಿಲಿಂಡರಿಗೆ ತುಂಬುವ ಗಾಳಿಯ ತೂಕ ಇಳಿಯುತ್ತೆ, ಅದನ್ನು ಒತ್ತುವ ಕೆಲಸ ಹೆಚ್ಚುತ್ತೆ. ಮೇಲಿನ ರಿಂಗ್‌ನ ಹತ್ತಿರ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ತೆಳುವಾದ ಲೇಪಕ್ಕೆ ಉಪಯೋಗ ಇದೆ, ಪಿಸ್ಟನ್ ತಲೆ ಕಾಪಾಡುತ್ತೆ, ಅಲ್ಪ ಲಾಭ ಕೊಡುತ್ತೆ. 50 ಕಿ.ವಾ. ಶಾಫ್ಟ್‌ಗೆ ಬರುತ್ತೆ ಅಂತ ಲೆಕ್ಕ ಹಾಕಬೇಡಿ.


ಎಂಟ್ರೊಪಿ_ಲೆಕ್ಕಿಗ:

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಶಕ್ತಿಯ ಪಟ್ಟಿಯಲ್ಲಿ ಕಾಣಿಸದ ಒಂದು ನಷ್ಟ ಇದೆ: ಉರಿಯುವುದೇ ನಷ್ಟ. ಡೀಸೆಲ್‌ನ ರಾಸಾಯನಿಕ ಶಕ್ತಿಯನ್ನು ತಾತ್ವಿಕವಾಗಿ ಹೆಚ್ಚುಕಮ್ಮಿ ಪೂರ್ತಿಯಾಗಿ ಕೆಲಸಕ್ಕೆ ತಿರುಗಿಸಬಹುದು. ಅದನ್ನು ಹತೋಟಿಯಿಲ್ಲದೆ ಉರಿಸಿ ಬಿಸಿ ಅನಿಲ ಮಾಡಿದ ಕ್ಷಣದಲ್ಲೇ, ಒಂದು ಜೂಲ್ ಶಾಖವೂ ಸೋರದಿದ್ದರೂ, ಆ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಎಂಟ್ರೊಪಿಯಾಗಿ (ಶಕ್ತಿ ಕೆಲಸಕ್ಕೆ ಬಾರದಂತೆ ಚದುರಿದ್ದರ ಅಳತೆ) ಹೋಗಿಬಿಡುತ್ತೆ. ಎನರ್ಜಿ ಮೀಟರ್‌ನಲ್ಲಿ ಇದು ಸಿಗಲ್ಲ, ಯಾಕೆಂದರೆ ಶಕ್ತಿ ಕಳೆದಿಲ್ಲ, ಅದರ ಯೋಗ್ಯತೆ ಕಳೆದಿದೆ. ಉರಿಯುವ ಮುಂಚೆ ಗಾಳಿ ಎಷ್ಟು ಬಿಸಿಯೋ ಈ ನಷ್ಟ ಅಷ್ಟು ಕಮ್ಮಿ. ಹೆಚ್ಚು ಕಂಪ್ರೆಷನ್‌ನಿಂದ ಸಿಗುವ ಲಾಭದ ಇನ್ನೊಂದು ಮುಖ ಇದು.

ಕರ್ಜನ್–ಆಲ್ಬೋರ್ನ್ ವಿಚಾರ: ಅದು ಮಿತಿ ಅಲ್ಲ. 1975ರಲ್ಲಿ ಆ ಇಬ್ಬರು ಕೇಳಿಕೊಂಡ ಪ್ರಶ್ನೆ ಹೀಗಿತ್ತು. ಯಂತ್ರದ ಒಳಗೆಲ್ಲ ಪರಿಪೂರ್ಣ, ಆದರೆ ಶಾಖ ಒಳಬರಲು, ಹೊರಹೋಗಲು ತಾಪಮಾನದ ಇಳಿಜಾರು ಬೇಕೇ ಬೇಕು. ಇಳಿಜಾರು ಸೊನ್ನೆ ಆದರೆ ದಕ್ಷತೆ ಕಾರ್ನೋದ್ದೇ, ಆದರೆ ಶಾಖ ಹರಿಯಲ್ಲ, ಪವರ್ ಸೊನ್ನೆ. ಇಳಿಜಾರು ವಿಪರೀತ ಆದರೆ ಶಾಖ ಧಾರಾಳ, ದಕ್ಷತೆ ಸೊನ್ನೆ. ನಡುವೆ ಎಲ್ಲೋ ಪವರ್ ಗರಿಷ್ಠ ಆಗುತ್ತೆ, ಅಲ್ಲಿ ದಕ್ಷತೆ 1 − √(ಕೆಳಗಿನ ತಾಪಮಾನ/ಮೇಲಿನ ತಾಪಮಾನ). ಇದೇ ಸೂತ್ರವನ್ನು ನೋವಿಕೊವ್ 1957ರಲ್ಲೇ ಅಣು ವಿದ್ಯುತ್ ಸ್ಥಾವರಗಳ ಲೆಕ್ಕದಲ್ಲಿ ಪಡೆದಿದ್ದರು.

ಅಂದರೆ ಅದು ಗರಿಷ್ಠ ಪವರ್ ಹಿಂಡುವಾಗಿನ ದಕ್ಷತೆ. ಇಂಧನ ತುಟ್ಟಿ, ಹೀಟ್ ಎಕ್ಸ್‌ಚೇಂಜರ್ ಅಗ್ಗ ಅನ್ನೋ ಕಡೆ ಯಾರೂ ಅಲ್ಲಿ ಓಡಿಸಲ್ಲ. ಎಕ್ಸ್‌ಚೇಂಜರ್ ದೊಡ್ಡದು ಮಾಡಿ ದಕ್ಷತೆಯ ಕಡೆಗೆ ಸರಿಯುತ್ತಾರೆ. ಆ ಪ್ರಬಂಧದ ಪಟ್ಟಿಯಲ್ಲೇ ಸಾಕ್ಷಿ ಇದೆ: 300 ಡಿಗ್ರಿ ಮತ್ತು 25 ಡಿಗ್ರಿ ನಡುವಿನ ಕೆನಡಾದ ಕ್ಯಾಂಡು ಅಣು ಸ್ಥಾವರಕ್ಕೆ ಸೂತ್ರ 28% ಕೊಡುತ್ತೆ, ಸ್ಥಾವರ ಕೊಟ್ಟಿದ್ದು 30%. ಮಿತಿ ಅಂತ ಕರೆದದ್ದನ್ನು ದಾಟಿದ ಯಂತ್ರ ಕಣ್ಣೆದುರೇ ಇರುವಾಗ ಅದನ್ನು ಮಿತಿ ಅನ್ನೋದು ಹೇಗೆ? ಇಂಗ್ಲೆಂಡಿನ ವೆಸ್ಟ್ ಥರಾಕ್‌ನ ಕಲ್ಲಿದ್ದಲು ಸ್ಥಾವರಕ್ಕೆ (565 ಡಿಗ್ರಿ, 25 ಡಿಗ್ರಿ) ಸೂತ್ರ 40%, ನಿಜ 36%. ಕಾರ್ನೋಗಿಂತ ಈ ಅಂದಾಜು ಹತ್ತಿರ ಬರುತ್ತೆ ಅನ್ನೋದು ಸರಿ. ಕಾಗದದ ಚೂರಿನ ಮೇಲೆ ಒಂದು ನಿಮಿಷದ ಲೆಕ್ಕಕ್ಕೆ ಬಳಸಿ, ವಿನ್ಯಾಸಕ್ಕೆ ಬೇಡ. ಡೀಸೆಲ್ ಸಿಲಿಂಡರಿಗಂತೂ ಬೇಡವೇ ಬೇಡ, ಅಲ್ಲಿ ಶಾಖ ಗೋಡೆ ದಾಟಿ ಒಳಬರುತ್ತಿಲ್ಲ, ಒಳಗೇ ಹುಟ್ಟುತ್ತಿದೆ.


ಉಗಿಪೆಟ್ಟಿಗೆ:

ಎಲ್ಲರೂ ಎಡವುವುದು ಒಂದೇ ಕಲ್ಲಿಗೆ: ಕಾರ್ನೋ ಸೂತ್ರಕ್ಕೆ ಅತಿ ಹೆಚ್ಚಿನ ತಾಪಮಾನ ಹಾಕುವುದು. ಹಾಕಬೇಕಾದದ್ದು ಶಾಖ ಒಳಹೋಗುವ ಸರಾಸರಿ ತಾಪಮಾನ, ಅಂದರೆ ಒಳಹೋದ ಶಾಖವನ್ನು ಎಂಟ್ರೊಪಿಯ ಏರಿಕೆಯಿಂದ ಭಾಗಿಸಿದ್ದು. ಉಗಿಯಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತೆ, ಸ್ಟೀಮ್ ಟೇಬಲ್ ತೆಗೆದು ನೀವೇ ಮಾಡಿ ನೋಡಬಹುದು.

ಬಾಯ್ಲರ್ 100 ಬಾರ್, ಉಗಿ 500 ಡಿಗ್ರಿ, ಕಂಡೆನ್ಸರ್ (ಬಳಸಿದ ಉಗಿಯನ್ನು ತಣಿಸಿ ನೀರಾಗಿಸುವ ಭಾಗ) 0.1 ಬಾರ್, ಅಂದರೆ ಸುಮಾರು 46 ಡಿಗ್ರಿ (319 ಕೆಲ್ವಿನ್). 500 ಡಿಗ್ರಿಯ ಕಾರ್ನೋ 59%.

ಉಗಿಯ ಎಂಥಾಲ್ಪಿ (ಒಂದು ಕೆ.ಜಿ.ಯ ಶಾಖಾಂಶ, ಕಿಲೋಜೂಲ್‌ನಲ್ಲಿ) 3374, ಎಂಟ್ರೊಪಿ 6.597. ಪಂಪ್ ದಾಟಿದ ನೀರು 202 ಮತ್ತು 0.649. ವ್ಯತ್ಯಾಸ 3172 ಕಿಲೋಜೂಲ್, 5.948. ಭಾಗಿಸಿದರೆ 533 ಕೆಲ್ವಿನ್, ಅಂದರೆ 260 ಡಿಗ್ರಿ. ಉಗಿ 500ಕ್ಕೆ ಕಾದರೂ ಶಾಖದ ಬಹುಪಾಲು ಒಳಹೋದದ್ದು ತಣ್ಣೀರನ್ನು ಬಿಸಿ ಮಾಡಲು ಮತ್ತು 311 ಡಿಗ್ರಿಯಲ್ಲಿ ಕುದಿಸಲು. 1 − 319/533 ಅಂದರೆ 40%. ಆದರ್ಶ ರಾಂಕಿನ್ ಚಕ್ರವನ್ನು (ಉಗಿ ಸ್ಥಾವರದ ಚಕ್ರ) ಉದ್ದಕ್ಕೆ ಲೆಕ್ಕ ಹಾಕಿದರೂ ಇದೇ 40 ಬರುತ್ತೆ. 59 ಹೋಗಿ 40 ಆಗಿದ್ದಕ್ಕೂ ಘರ್ಷಣೆಗೂ ಸಂಬಂಧವೇ ಇಲ್ಲ.

ಈಗ ಟರ್ಬೈನ್‌ನ ನಡುನಡುವೆ ಉಗಿ ತೆಗೆದು ಫೀಡ್ ವಾಟರನ್ನು 230 ಡಿಗ್ರಿಗೆ ಬಿಸಿ ಮಾಡಿ ಬಾಯ್ಲರಿಗೆ ಕೊಡಿ. ಬಾಯ್ಲರ್ ಕೊಡಬೇಕಾದ್ದು 990ರಿಂದ 3374, ಎಂಟ್ರೊಪಿ 2.610ರಿಂದ 6.597. ಸರಾಸರಿ 598 ಕೆಲ್ವಿನ್, ಆದರ್ಶ ದಕ್ಷತೆ 46.7%. ಒಂದು ಡಿಗ್ರಿಯೂ ಹೆಚ್ಚು ಕಾಯಿಸದೆ ಆರು ಪಾಯಿಂಟ್ ಮೇಲೆ. ಸ್ಥಾವರಗಳಲ್ಲಿ ಆರೇಳು ಫೀಡ್ ಹೀಟರ್ ಸಾಲಾಗಿ ನಿಂತಿರೋದು ಇದಕ್ಕೇ.

ಇಲ್ಲಿಂದ ಮುಂದಕ್ಕೆ ಎರಡು ದಾರಿ ಹೋಲಿಸಿ. ಉಗಿಯನ್ನು 500ರಿಂದ 540ಕ್ಕೆ ಏರಿಸಿದರೆ ಸರಾಸರಿ 604 ಕೆಲ್ವಿನ್ ಆಗುತ್ತೆ, ದಕ್ಷತೆ 47.2. ಬರೀ ಅರ್ಧ ಪಾಯಿಂಟ್. ಅದರ ಬದಲು ಕಂಡೆನ್ಸರ್ ಒತ್ತಡವನ್ನು 0.1ರಿಂದ 0.07 ಬಾರ್‌ಗೆ ಇಳಿಸಿ, ಅಂದರೆ 46ರಿಂದ 39 ಡಿಗ್ರಿಗೆ: 47.8. ಮೇಲೆ 40 ಡಿಗ್ರಿ ಕೊಟ್ಟದ್ದಕ್ಕಿಂತ ಕೆಳಗೆ 7 ಡಿಗ್ರಿ ಎರಡರಷ್ಟು ಕೊಟ್ಟಿತು. ಕಂಡೆನ್ಸರ್‌ನಲ್ಲಿ ಎಲ್ಲಾ ಶಾಖವೂ ಒಂದೇ ತಾಪಮಾನದಲ್ಲಿ ಹೊರಹೋಗುತ್ತೆ, ಹಾಗಾಗಿ ಅಲ್ಲಿ ಇಳಿಸಿದ ಪ್ರತಿ ಡಿಗ್ರಿಯೂ ಪೂರ್ತಿ ಲೆಕ್ಕಕ್ಕೆ ಬರುತ್ತೆ. ಸೂಪರ್‌ಹೀಟರ್‌ನಲ್ಲಿ (ಕುದಿದು ಬಂದ ಉಗಿಯನ್ನು ಇನ್ನೂ ಕಾಯಿಸುವ ಭಾಗ) ಏರಿಸಿದ ಡಿಗ್ರಿ ಶಾಖದ ಒಂದು ಸಣ್ಣ ಪಾಲಿಗೆ ಮಾತ್ರ ಅನ್ವಯ.

ಹಾಗಂತ ಕಂಡೆನ್ಸರನ್ನು ಎಷ್ಟು ಬೇಕಾದರೂ ತಣ್ಣಗೆ ಮಾಡಲಾಗಲ್ಲ. ಕೂಲಿಂಗ್ ಟವರಿನ ನೀರು ಗಾಳಿಯ ವೆಟ್ ಬಲ್ಬ್‌ಗಿಂತ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಮಾನ) ಕೆಳಗೆ ಹೋಗಲ್ಲ, ಅದರ ಮೇಲೆ ಟವರಿನ ಅಂತರ, ನೀರು ಬಿಸಿಯಾಗುವ ಅಂತರ, ಟ್ಯೂಬಿನ ಅಂತರ ಎಲ್ಲಾ ಕೂಡಿಸಿಕೊಳ್ಳಿ. ಒತ್ತಡ 0.1ರಿಂದ 0.05 ಬಾರ್‌ಗೆ ಇಳಿದರೆ ಒಂದು ಕೆ.ಜಿ. ಒಣ ಉಗಿಯ ಗಾತ್ರ 14.7ರಿಂದ 28.2 ಘನ ಮೀಟರಿಗೆ ಉಬ್ಬುತ್ತೆ. ಕೊನೆಯ ಸಾಲಿನ ಬ್ಲೇಡುಗಳಿಗೆ ಅಷ್ಟು ದಾರಿ ಇಲ್ಲದಿದ್ದರೆ ಗಳಿಸಿದ್ದು ಉಗಿಯ ವೇಗದ ರೂಪದಲ್ಲೇ ಹೊರಗೆ ಹೋಗುತ್ತೆ. ತೇವವೂ ಇದೆ: ಮೇಲಿನ ಉದಾಹರಣೆಯಲ್ಲಿ ಟರ್ಬೈನ್ ದಕ್ಷತೆ 88% ಹಿಡಿದರೆ ಕೊನೆಯಲ್ಲಿ ಉಗಿಯ 14% ನೀರಾಗಿರುತ್ತೆ. 12% ದಾಟಿದರೆ ಹನಿಗಳು ಬ್ಲೇಡಿನ ಅಂಚನ್ನು ಕೊರೆಯುತ್ತವೆ. 540ಕ್ಕೆ ಏರಿಸುವುದು, ರೀಹೀಟ್ ಮಾಡುವುದು (ನಡುವೆ ಉಗಿಯನ್ನು ಮತ್ತೆ ಕಾಯಿಸುವುದು) ದಕ್ಷತೆಗಿಂತ ಮೊದಲು ಈ ತೇವದ ಕಾರಣಕ್ಕೆ.

ಓಡುತ್ತಿರುವ ಸ್ಥಾವರದಲ್ಲಿ ದಕ್ಷತೆ ಇಳಿದರೆ ಮೊದಲು ನೋಡಬೇಕಾದ್ದು ಕಂಡೆನ್ಸರ್ ವ್ಯಾಕ್ಯೂಮ್. ಉಗಿಯ ಸ್ಯಾಚುರೇಶನ್ ತಾಪಮಾನಕ್ಕೂ (ಆ ಒತ್ತಡದಲ್ಲಿ ಉಗಿ ನೀರಾಗುವ ತಾಪಮಾನ) ಹೊರಬರುವ ಕೂಲಿಂಗ್ ನೀರಿಗೂ ಇರುವ ಅಂತರ ಹೆಚ್ಚಿದೆಯೇ? ಟ್ಯೂಬಿನಲ್ಲಿ ಪಾಚಿ, ಕಿಟ್ಟ ಕಟ್ಟಿದೆ, ಇಲ್ಲವೇ ಗಾಳಿ ಸೇರಿದೆ. ಕಂಡೆನ್ಸೇಟ್ ಸ್ಯಾಚುರೇಶನ್‌ಗಿಂತ ಬಹಳ ತಣ್ಣಗಿದ್ದು, ನೀರಿನಲ್ಲಿ ಕರಗಿದ ಆಮ್ಲಜನಕವೂ ಏರಿದ್ದರೆ ಗಾಳಿಯ ಸೋರಿಕೆ ಕಡೆ ಅನುಮಾನ ಪಡಿ. ನೀರು ಒಳಹೋಗುವುದಕ್ಕೂ ಹೊರಬರುವುದಕ್ಕೂ ನಡುವಿನ ಏರಿಕೆಯೇ ಹೆಚ್ಚಾಗಿದ್ದರೆ ಪಂಪ್ ಕಮ್ಮಿ ಕೊಡುತ್ತಿದೆ.


ಬ್ಲೇಡ್_ರೂಟ್:

ಉಗಿಯಲ್ಲಿ ಪಂಪ್ ತಿನ್ನುವ ಕೆಲಸ ನಗಣ್ಯ, ಮೇಲಿನ ಉದಾಹರಣೆಯಲ್ಲಿ 3172ಕ್ಕೆ ಹತ್ತು. ಗ್ಯಾಸ್ ಟರ್ಬೈನ್‌ನಲ್ಲಿ ಕಥೆ ಪೂರ್ತಿ ಉಲ್ಟಾ, ಅಲ್ಲಿ ಬಿಡಿಭಾಗಗಳ ದಕ್ಷತೆಯೇ ಜೀವಾಳ. ಒತ್ತಡದ ಅನುಪಾತ 20, ಒಳಗಾಳಿ 288 ಕೆಲ್ವಿನ್, ಟರ್ಬೈನ್ ಬಾಗಿಲಲ್ಲಿ 1500 ಕೆಲ್ವಿನ್. ಪರಿಪೂರ್ಣ ಬ್ರೇಟನ್ ಚಕ್ರಕ್ಕೆ (ಗ್ಯಾಸ್ ಟರ್ಬೈನ್‌ನ ಚಕ್ರ) 57.5%.

ಕಂಪ್ರೆಸರ್ 87%, ಟರ್ಬೈನ್ 89% ಹಾಕಿದರೆ 42%. ಎರಡೂ 80% ಆದರೆ 28%. ಎರಡೂ 70% ಆದರೆ ಬರೀ 7%. ಟರ್ಬೈನ್ ಮಾಡಿದ್ದರಲ್ಲಿ ಬಹುಪಾಲು ಕಂಪ್ರೆಸರ್ ನುಂಗುತ್ತೆ, ಉಳಿಯೋದು ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸ. ಇನ್ನೊಂದಿಷ್ಟು ಇಳಿದರೆ ಯಂತ್ರ ತನ್ನನ್ನು ತಾನೇ ತಿರುಗಿಸಿಕೊಳ್ಳಲ್ಲ. ಸೂತ್ರ 19ನೇ ಶತಮಾನದಿಂದಲೇ ಗೊತ್ತಿದ್ದರೂ ವಿದ್ಯುತ್ ಸ್ಥಾವರಕ್ಕೆ ಬಂದ ಮೊದಲ ಗ್ಯಾಸ್ ಟರ್ಬೈನ್ 1939ರದ್ದು, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ. 4 ಮೆಗಾವಾಟ್, ದಕ್ಷತೆ 17%ರ ಸುಮಾರು.

ಅದೇ ಕಾರಣಕ್ಕೆ ಕಂಪ್ರೆಸರ್ ಬ್ಲೇಡಿಗೆ ಧೂಳು, ಎಣ್ಣೆ ಪಸೆ ಹತ್ತಿ ಒಂದೆರಡು ಪಾಯಿಂಟ್ ಇಳಿದರೂ ಔಟ್‌ಪುಟ್‌ನಲ್ಲಿ ದೊಡ್ಡ ಹೊಡೆತ ಬೀಳುತ್ತೆ. ನೀರಿನಲ್ಲಿ ತೊಳೆದರೆ ಬಹಳಷ್ಟು ವಾಪಸ್ ಬರುತ್ತೆ. ಬ್ಲೇಡ್ ತುದಿ ಸವೆದು ಅಂತರ ಹೆಚ್ಚಾಗಿದ್ದರೆ ಬರಲ್ಲ.

ಒಂಟಿ ಚಕ್ರದ ಮಿತಿ ದಾಟಲು ಈಗ ಚೆನ್ನಾಗಿ ನಡೆಯುವ ದಾರಿ ಒಂದೇ, ಒಂದರ ಕೆಳಗೆ ಇನ್ನೊಂದನ್ನು ಇಡೋದು. ಇವತ್ತಿನ ದೊಡ್ಡ ಗ್ಯಾಸ್ ಟರ್ಬೈನ್ 42% ತೆಗೆದು 600 ಡಿಗ್ರಿಯ ಸುಮಾರಿಗೆ ಹೊಗೆ ಬಿಡುತ್ತೆ. ಮಿಕ್ಕ 58ರಲ್ಲಿ ಉಗಿ ಭಾಗ 36% ತೆಗೆದರೆ ಇನ್ನೊಂದು 21. ಒಟ್ಟು 63. ಇವತ್ತಿನ ಅತ್ಯುತ್ತಮ ಕಂಬೈನ್ಡ್ ಸೈಕಲ್ ಸ್ಥಾವರಗಳು ಈ ಮಟ್ಟದಲ್ಲೇ ಇವೆ.


ಜೆನ್‌ಸೆಟ್_1500:

ಎಲ್ಲರಿಗೂ ಧನ್ಯವಾದ. ‘ಸರಾಸರಿ ತಾಪಮಾನ’ ಅನ್ನೋದೇ ನನಗೆ ಬಿಟ್ಟುಹೋಗಿತ್ತು. ಅದೇ ಲೆಕ್ಕವನ್ನು ಹೊಗೆಗೆ ಹಾಕೋದು ಹೇಗೆ? ಹೊಗೆಯನ್ನು 150 ಡಿಗ್ರಿವರೆಗೆ ತಣಿಸಿ ಬಿಡುತ್ತಾರಂತೆ. 100ಕ್ಕೆ ಇಳಿಸಿದರೆ ಇನ್ನಷ್ಟು ಸಿಗಲ್ವಾ? ಆರಂಭಕ್ಕೆ ಸ್ಟರ್ಲಿಂಗ್ ಎಂಜಿನ್ (ಒಳಗೆ ಮುಚ್ಚಿಟ್ಟ ಅನಿಲವನ್ನು ಹೊರಗಿನ ಶಾಖದಿಂದ ಕಾಯಿಸುವಂಥದ್ದು) ಇಡಬಹುದಾ, ಅದರ ಆದರ್ಶ ದಕ್ಷತೆ ಕಾರ್ನೋಗೇ ಸಮ ಅಲ್ವಾ?


ಎಂಟ್ರೊಪಿ_ಲೆಕ್ಕಿಗ:

ಹಂತ ಹಂತವಾಗಿ ಹೋಗೋಣ ಸರ್.

ಗಾಳಿ–ಇಂಧನ ಅನುಪಾತ 26 ಹಿಡಿದರೆ ಹೊಗೆ ಗಂಟೆಗೆ 580 ಕೆ.ಜಿ., ಅಂದರೆ ಸೆಕೆಂಡಿಗೆ 0.161. ವಿಶಿಷ್ಟ ಶಾಖ 1.08. 470ರಿಂದ 30 ಡಿಗ್ರಿವರೆಗೆ 76.6 ಕಿ.ವಾ., ನೀವು ಹೇಳಿದ 77 ಸರಿ. ಆದರೆ ಹೊಗೆ ಶಾಖ ಕೊಡುತ್ತಾ ಕೊಡುತ್ತಾ ತಾನೇ ತಣ್ಣಗಾಗುತ್ತೆ. ಮೊದಲ ಜೂಲ್ 743 ಕೆಲ್ವಿನ್‌ನದ್ದು, ಕೊನೆಯದು 303ರದ್ದು. ಸರಾಸರಿ ಅಂದರೆ ತಾಪಮಾನದ ವ್ಯತ್ಯಾಸವನ್ನು ಅನುಪಾತದ ಲಾಗ್‌ನಿಂದ ಭಾಗಿಸಿದ್ದು: 440 / ಲಾಗ್(743/303), ಸುಮಾರು 490 ಕೆಲ್ವಿನ್ (ನ್ಯಾಚುರಲ್ ಲಾಗ್). ಕಾರ್ನೋ 38%. ಹಾಗಾಗಿ ನಿಮ್ಮ 45 ಕಿ.ವಾ. ಮೊದಲ ಹೆಜ್ಜೆಯಲ್ಲೇ 29ಕ್ಕೆ ಇಳಿಯಿತು.

150 ಡಿಗ್ರಿಯಲ್ಲಿ ನಿಲ್ಲಿಸಿದರೆ ಸಿಗುವ ಶಾಖ 55.7 ಕಿ.ವಾ., ಸರಾಸರಿ 568 ಕೆಲ್ವಿನ್, ಕಾರ್ನೋ 46.7%, ಅಂದರೆ 26 ಕಿ.ವಾ. ಗಮನಿಸಿ: 21 ಕಿ.ವಾ. ಶಾಖವನ್ನು ಚಿಮಣಿಗೆ ಬಿಟ್ಟರೂ ಕಳೆದ ಕೆಲಸ ಮೂರೇ ಕಿ.ವಾ. ನಿಮ್ಮ 100 ಡಿಗ್ರಿ ಪ್ರಶ್ನೆಗೂ ಇಲ್ಲೇ ಉತ್ತರ. 150ರಿಂದ 100ಕ್ಕೆ ಇಳಿಸಿದರೆ 8.7 ಕಿ.ವಾ. ಶಾಖ ಹೆಚ್ಚು ಸಿಗುತ್ತೆ, ಅದರ ತಾತ್ವಿಕ ಗರಿಷ್ಠ 2 ಕಿ.ವಾ., ನಿಜವಾಗಿ ಅರ್ಧ ಕಿ.ವಾ. ಬಂದರೆ ಪುಣ್ಯ. ಅದಕ್ಕಾಗಿ ಎಕ್ಸ್‌ಚೇಂಜರ್ ಬಹಳ ಬೆಳೆಯುತ್ತೆ, ಯಾಕೆಂದರೆ ತಣ್ಣಗಿನ ತುದಿಯಲ್ಲಿ ಹೊಗೆಗೂ ದ್ರವಕ್ಕೂ ಅಂತರ ಕಮ್ಮಿ. ಇಂಧನದಲ್ಲಿ ಗಂಧಕ ಇದ್ದರೆ ಗೋಡೆ ತಣ್ಣಗಾದ ಕಡೆ ಸಲ್ಫ್ಯೂರಿಕ್ ಆಮ್ಲ ಇಬ್ಬನಿಯಂತೆ ಕೂತು ಟ್ಯೂಬ್ ತಿನ್ನುತ್ತೆ.

26ರಿಂದ 8ಕ್ಕೆ ಹೇಗೆ? ಓಆರ್‌ಸಿ ದ್ರವ 50 ಡಿಗ್ರಿಯಲ್ಲಿ ಒಳಬಂದು 190ರಲ್ಲಿ ಕುದಿಯುತ್ತೆ ಅಂತ ಇಟ್ಟುಕೊಳ್ಳಿ. ಅದು ಶಾಖ ಪಡೆಯುವ ಸರಾಸರಿ ಸುಮಾರು 430 ಕೆಲ್ವಿನ್, ಬಿಡುವುದು 45 ಡಿಗ್ರಿಯಲ್ಲಿ, ಅಂದರೆ 318. 1 − 318/430, 26%. ಹೊಗೆ 568ರಲ್ಲಿ ಕೊಟ್ಟದ್ದನ್ನು ದ್ರವ 430ರಲ್ಲಿ ತೆಗೆದುಕೊಂಡಿತು, ಅಷ್ಟಕ್ಕೇ 47 ಇದ್ದದ್ದು 26 ಆಯಿತು. ಯಾವ ಭಾಗವೂ ಅಲುಗಾಡಿಲ್ಲ, ಶಾಖ ಎತ್ತರದಿಂದ ತಗ್ಗಿಗೆ ಸುಮ್ಮನೆ ಬಿತ್ತು. ಆಮೇಲೆ ಎಕ್ಸ್‌ಪ್ಯಾಂಡರ್ 70%, ಈ ಗಾತ್ರದಲ್ಲಿ ಅದು ಒಳ್ಳೆಯದೇ. 18%. ಪಂಪ್, ಫ್ಯಾನ್, ಜನರೇಟರ್ ಕಳೆದು 14%. 55.7ರ 14% ಅಂದರೆ 7.8 ಕಿ.ವಾ. ಅವರು ಸುಳ್ಳು ಹೇಳುತ್ತಿಲ್ಲ.

ಕೂಲಂಟ್‌ನ 50 ಕಿ.ವಾ. ಬಗ್ಗೆ ಆಸೆ ಬೇಡ. 90 ಡಿಗ್ರಿಗೆ ಕಾರ್ನೋನೇ 16.5%. ಫ್ಯಾನ್, ಪಂಪ್ ಕಳೆದರೆ ಕೈಗೆ ಹತ್ತುವುದು ಎರಡು ಮೂರು ಕಿ.ವಾ. ಅದನ್ನು ನೀರು ಕಾಯಿಸಲು, ಒಣಗಿಸಲು ನೇರವಾಗಿ ಬಳಸಿ.

ಸ್ಟರ್ಲಿಂಗ್ ಕಾರ್ನೋಗೆ ಸಮ ಅನ್ನೋದು ರಿಜನರೇಟರ್ (ಅನಿಲದ ಶಾಖವನ್ನು ಹಿಡಿದಿಟ್ಟು ಮತ್ತೆ ಅದಕ್ಕೇ ಕೊಡುವ ಜಾಲರಿ) ಪರಿಪೂರ್ಣ ಆಗಿದ್ದರೆ ಮಾತ್ರ. ಹೀಲಿಯಂ, 900 ಮತ್ತು 330 ಕೆಲ್ವಿನ್, ಗಾತ್ರದ ಅನುಪಾತ 2 ಹಿಡಿದರೆ ಹೀಟರ್ ಕೊಡುವುದು ಮೋಲ್‌ಗೆ 5187 ಜೂಲ್, ರಿಜನರೇಟರ್ ಹಿಡಿದಿಟ್ಟು ವಾಪಸ್ ಕೊಡಬೇಕಾದ್ದು 7108. ಪರಿಪೂರ್ಣ ಆದರೆ 63%, ಅದು 95% ಕೆಲಸ ಮಾಡಿದರೆ 59, 80% ಆದರೆ 50, ಇಲ್ಲವೇ ಇಲ್ಲದಿದ್ದರೆ 27. ಜಾಲರಿ ಒತ್ತಾಗಿ ತುಂಬಿದರೆ ಶಾಖ ಚೆನ್ನಾಗಿ ಹಿಡಿಯುತ್ತೆ, ಆದರೆ ಅನಿಲ ನುಗ್ಗಲು ಒತ್ತಡ ಬೇಕು, ಆ ಕೆಲಸ ಶಾಫ್ಟ್‌ನಿಂದಲೇ ಹೋಗುತ್ತೆ. ನಿಮ್ಮ ಹೊಗೆ ತಣ್ಣಗಾಗುತ್ತಾ ಹೋಗುವ ಮೂಲ, ಸ್ಟರ್ಲಿಂಗ್‌ಗೆ ಬೇಕಿರೋದು ಒಂದೇ ತಾಪಮಾನದ ಮೂಲ. ಜೋಡಿ ಸರಿಹೋಗಲ್ಲ.


ಕ್ರ್ಯಾಂಕ್‌ಕೇಸ್:

ಎಕ್ಸ್‌ಚೇಂಜರ್ ಕೂಡಿಸುವ ಮುಂಚೆ ಬ್ಯಾಕ್ ಪ್ರೆಶರ್ (ಹೊಗೆಯ ದಾರಿಯ ಅಡ್ಡಿಯಿಂದ ಏರುವ ಒತ್ತಡ) ಲೆಕ್ಕ ಮಾಡಿ. ನಿಮ್ಮ ಎಂಜಿನ್ ಸೆಕೆಂಡಿಗೆ 0.075 ಘನ ಮೀಟರ್ ಗಾತ್ರ ಗುಡಿಸುತ್ತೆ. ಎಕ್ಸಾಸ್ಟ್‌ನಲ್ಲಿ 10 ಕಿಲೋಪ್ಯಾಸ್ಕಲ್ ಹೆಚ್ಚಾದರೆ ಪಿಸ್ಟನ್ ಕಳೆದುಕೊಳ್ಳುವುದು 0.75 ಕಿ.ವಾ. ಹೊಗೆ ಟರ್ಬೊ ದಾಟಿದ ಕಡೆ ಒತ್ತಡ ಏರಿದರೆ ಟರ್ಬೊಗಿಂತ ಮುಂಚೆ, ವಾಲ್ವ್ ಹತ್ತಿರ, ಇನ್ನೂ ಹೆಚ್ಚು ಏರುತ್ತೆ, ಹಾಗಾಗಿ 1.5 ಕಿ.ವಾ. ತನಕ ಹೋಗಬಹುದು. ಗಳಿಸುವ 7.8ರಲ್ಲಿ ಐದನೇ ಒಂದು ಭಾಗ ಅಲ್ಲೇ ಹೋಯಿತು. ತಯಾರಕರು ಒಟ್ಟು ಎಷ್ಟು ಬ್ಯಾಕ್ ಪ್ರೆಶರ್ ಒಪ್ಪುತ್ತಾರೆ ಅನ್ನೋದು ಮ್ಯಾನುಯಲ್‌ನಲ್ಲಿ ಇರುತ್ತೆ, ಸೈಲೆನ್ಸರ್ ಅದರಲ್ಲಿ ಈಗಾಗಲೇ ಎಷ್ಟು ತಿಂದಿದೆ ಅಂತ ಮ್ಯಾನೋಮೀಟರ್ ಹಾಕಿ ನೋಡಿ.

ಮಸಿ ಎರಡನೇ ತೊಂದರೆ. ಕಮ್ಮಿ ಲೋಡಿನಲ್ಲಿ ಅರೆಬೆಂದ ಇಂಧನದ ಜೊತೆ ಅಂಟುಮಸಿ ಟ್ಯೂಬಿಗೆ ಕೂರುತ್ತೆ, ಶಾಖ ದಾಟುವುದು ಇಳಿಯುತ್ತೆ, ಒತ್ತಡ ಏರುತ್ತೆ. ಎರಡೂ ಒಟ್ಟಿಗೆ ಕೆಡುವುದರಿಂದ ಬೇಗ ಗೊತ್ತಾಗುತ್ತೆ, ಅದೊಂದೇ ಸಮಾಧಾನ. ಫಿನ್ ಇಲ್ಲದ, ಬ್ರಷ್ ಹೋಗುವಂಥ ನೇರ ಟ್ಯೂಬ್ ಆರಿಸಿ, ಬೈಪಾಸ್ ಫ್ಲ್ಯಾಪ್ ಇಲ್ಲದೆ ಕೂಡಿಸಬೇಡಿ. ಓಆರ್‌ಸಿ ಪಂಪ್ ನಿಂತು ದ್ರವ ಟ್ಯೂಬಿನಲ್ಲೇ ನಿಂತರೆ 470 ಡಿಗ್ರಿ ಹೊಗೆ ಅದನ್ನು ಒಡೆದು ಹಾಕುತ್ತೆ, ಮತ್ತೆ ಅದು ದ್ರವ ಆಗಲ್ಲ. ಇದಕ್ಕೇ ಬಹಳಷ್ಟು ಜನ ನಡುವೆ ಥರ್ಮಲ್ ಆಯಿಲ್ ಸುತ್ತು ಇಡುತ್ತಾರೆ, ಇನ್ನೊಂದು ತಾಪಮಾನದ ಇಳಿತದ ನಷ್ಟ ಒಪ್ಪಿಕೊಂಡು. ದ್ರವ ಯಾವುದು ಅಂತಲೂ ಕೇಳಿ. ಆರ್245ಎಫ್‌ಎ ಆದರೆ ಅದರ ಕ್ರಿಟಿಕಲ್ ತಾಪಮಾನವೇ (ಇದನ್ನು ದಾಟಿದರೆ ದ್ರವ, ಆವಿ ಅನ್ನೋ ಭೇದ ಇರಲ್ಲ) 154 ಡಿಗ್ರಿ, 190ರಲ್ಲಿ ಕುದಿಸುವ ಪ್ರಶ್ನೆಯೇ ಇಲ್ಲ, ದಕ್ಷತೆ 14ಕ್ಕಿಂತ ಕೆಳಗೆ ಇರುತ್ತೆ. ಟಾಲ್ವೀನ್ ಆದರೆ 45 ಡಿಗ್ರಿಯಲ್ಲಿ ಕಂಡೆನ್ಸರ್ ಒತ್ತಡ 0.1 ಬಾರ್ ಸುಮಾರು, ಗಾಳಿ ಒಳಸೋರುತ್ತೆ, ಮತ್ತು ಅದು ಬೆಂಕಿ ಹತ್ತುವ ವಸ್ತು.

ಇನ್ನೊಂದು, ಯಾರದೇ ಶೇಕಡಾ ಅಂಕಿ ನೋಡಿದರೂ ಕೆಳ ಉಷ್ಣಮೌಲ್ಯದ್ದೋ ಮೇಲಿನದ್ದೋ ಅಂತ ಕೇಳಿ (ಹೊಗೆಯ ನೀರಾವಿ ನೀರಾಗುವಾಗ ಬಿಡುವ ಶಾಖವನ್ನು ಎಣಿಸದಿದ್ದರೆ ಕೆಳ, ಎಣಿಸಿದರೆ ಮೇಲಿನ). ಡೀಸೆಲ್‌ಗೆ ಎರಡರ ನಡುವೆ 6–7%, ನೈಸರ್ಗಿಕ ಅನಿಲಕ್ಕೆ ಸುಮಾರು 11% ವ್ಯತ್ಯಾಸ. ಮೇಲೆ ಬಂದ 63% ಕೆಳ ಮೌಲ್ಯದ್ದು, ಮೇಲಿನದ್ದರಲ್ಲಿ ಅದು 57 ಆಗುತ್ತೆ, ಯಂತ್ರ ಅದೇ.

ನಿಮ್ಮ 21.5 ಕೆ.ಜಿ.ಯನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಇಂಧನವನ್ನು ಲೀಟರಿನಲ್ಲಿ ಅಳೆಯಬೇಡಿ, ಬಿಸಿಯಾದಂತೆ ಸಾಂದ್ರತೆ ಬದಲಾಗುತ್ತೆ. ಕ್ಯಾನ್ ಅನ್ನು ತಕ್ಕಡಿಯ ಮೇಲಿಟ್ಟು ಸಪ್ಲೈ ಪೈಪು, ಇಂಜೆಕ್ಟರಿನಿಂದ ವಾಪಸ್ ಬರುವ ರಿಟರ್ನ್ ಪೈಪು ಎರಡನ್ನೂ ಅದೇ ಕ್ಯಾನಿಗೆ ಬಿಡಿ. ರಿಟರ್ನ್ ಬೇರೆ ಕಡೆ ಹೋದರೆ ವಾಪಸ್ ಬಂದ ಎಣ್ಣೆಯೂ ಉರಿದ ಲೆಕ್ಕಕ್ಕೆ ಸೇರಿ ದಕ್ಷತೆ ಕಮ್ಮಿ ಕಾಣುತ್ತೆ. ಪೈಪುಗಳು ಕ್ಯಾನಿಗೆ ತಾಗದಂತೆ ಕಟ್ಟಿ, ತಾಗಿದರೆ ತಕ್ಕಡಿ ಪೈಪಿನ ಭಾರವನ್ನೂ ತೋರಿಸುತ್ತೆ. ಲೋಡ್ ಸ್ಥಿರವಾಗಿ ಕೂಲಂಟ್, ಆಯಿಲ್ ಎರಡೂ ಬಿಸಿಯಾದ ಮೇಲೆ ಅರ್ಧ ಗಂಟೆ ಓಡಿಸಿ ತೂಕ ತೆಗೆಯಿರಿ. ಹೊಗೆಯ ಥರ್ಮೋಕಪಲ್ ತುದಿ ಪೈಪಿನ ನಡುವೆ ಇರಲಿ. ಗೋಡೆಯ ಹತ್ತಿರ ಇದ್ದರೆ ತಾಪಮಾನ ಕಮ್ಮಿ ತೋರಿಸುತ್ತೆ, ಆಗ ಮೇಲಿನ 26 ಕಿ.ವಾ. ಲೆಕ್ಕವೂ ಅಷ್ಟೇ ಕಮ್ಮಿ ಬರುತ್ತೆ.